ಆ ಇನ್ನೊಂದು ದನಿ ಯಾರದು, ಅಧ್ಯಕ್ಷರೇ?

ಟೋಕಿಯೊ ಮಹಾನಗರ ಶಾಸನಸಭೆಯ ಸನ್ಮಾನ್ಯ ಅಧ್ಯಕ್ಷರಿಗೆ ಮತ್ತು ಎಲ್ಲ 127 ಸದಸ್ಯರಿಗೆ,

ನಮಸ್ಕಾರಗಳು.

ನಾನು ಟೋಕಿಯೊದ ಎದೊಗಾವಾದಲ್ಲಿ ಇರುವ ಕನ್ನಡದ ಹೆಂಗಸು. ಗಂಡನ ಕೆಲಸದ ಜೊತೆ 2013ರಲ್ಲಿ ಇಲ್ಲಿಗೆ ಬಂದೆ. ನಿಶಿ ಕಸಾಯ್ ಸ್ಟೇಷನ್ ಸುತ್ತಮುತ್ತ ನಮ್ಮ ದೇಶದವರು ಬೇಕಾದಷ್ಟಿದ್ದಾರೆ. ತೊಗರಿಬೇಳೆ, ಹುಣಸೆಹಣ್ಣು ಎರಡೂ ಅಂಗಡಿಯಲ್ಲಿ ಸಿಗುತ್ತವೆ. ವರ್ಷ ವರ್ಷ ನಿವಾಸಿ ತೆರಿಗೆ ಕಟ್ಟುತ್ತೇನೆ. ಓಟು ಮಾತ್ರ ಇಲ್ಲ. ವಿದೇಶಿಯರಿಗೆ ಈ ದೇಶದಲ್ಲಿ ಊರಿನ ಚುನಾವಣೆಯಲ್ಲೂ ಮತವಿಲ್ಲ. ಮಹಾರಾಷ್ಟ್ರ ಮೂಲದ ಪುರಾಣಿಕ್ ಯೋಗೇಂದ್ರ ಅವರು 2019ರಲ್ಲಿ ನಮ್ಮ ಎದೊಗಾವಾ ಸ್ಥಳೀಯ ಸಭೆಗೆ ಗೆದ್ದಾಗ ನಾವೆಲ್ಲ ಸಿಹಿ ಹಂಚಿದೆವು. ಅವರು ಜಪಾನಿನ ಪೌರತ್ವ ಪಡೆದಿದ್ದರು, ಹಾಗಾಗಿ ನಿಂತರು. ಸಿಹಿ ಹಂಚಿದ ನಮ್ಮಲ್ಲಿ ಒಬ್ಬರೂ ಅವರಿಗೆ ಓಟು ಹಾಕಿರಲಿಲ್ಲ, ಹಾಕುವ ಹಾಗೂ ಇರಲಿಲ್ಲ.

ಆದರೆ ಓಟಿಲ್ಲದವರಿಗೂ ಒಂದು ಹಕ್ಕಿದೆ. ಜಪಾನ್ ಸಂವಿಧಾನದ 16ನೇ ವಿಧಿ ಮನವಿ ಕೊಡುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ, ಪ್ರಜೆಗಳಿಗೆ ಮಾತ್ರ ಅಂತ ಹೇಳಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಜಪಾನೀ ಪ್ರತಿ ನಿಮ್ಮ ಕಚೇರಿಗೆ ಬೇರೆಯಾಗಿ ಬರುತ್ತದೆ. ಇದನ್ನು ಕನ್ನಡದಲ್ಲೂ ಹಾಕುತ್ತಿರುವುದಕ್ಕೆ ಕಾರಣ ಇದೆ. ನಾನು ಹೇಳಹೊರಟ ‘ಬೇಗ ಮದುವೆ ಮಾಡ್ಕೊ’ ಅನ್ನುವ ಮಾತು ನಿಮ್ಮ ಸಭೆಯಲ್ಲಿ ಒಬ್ಬ ಸದಸ್ಯೆಗೆ ಕೇಳಿದ್ದು ಒಂದು ದಿನ. ನಮ್ಮ ಮನೆಗಳಲ್ಲಿ ಅದು ದಿನಾ ಕೇಳುತ್ತದೆ.

2014ರ ಜೂನ್ 18. ಶಿಯೊಮುರಾ ಅಯಾಕಾ ಎಂಬ 35 ವರ್ಷದ ಸದಸ್ಯೆ ಪ್ರಶ್ನೆ ಕೇಳಲು ಎದ್ದರು. ಸೆಟಗಾಯಾ ಕ್ಷೇತ್ರದಿಂದ ಹಿಂದಿನ ವರ್ಷವಷ್ಟೇ ಮೊದಲ ಸಲ ಗೆದ್ದವರು. ಹುಟ್ಟಿದ್ದು ಹಿರೋಶಿಮಾ ಪ್ರಾಂತ್ಯದ ಫುಕುಯಾಮಾದಲ್ಲಿ. ಅಣುಬಾಂಬಿಗೆ ಸಿಕ್ಕವರ ಎರಡನೇ ತಲೆಮಾರು. ರಾಜಕೀಯಕ್ಕೆ ಬರುವ ಮೊದಲು ಟಿವಿ ಕಾರ್ಯಕ್ರಮಗಳಿಗೆ ಬರೆಯುತ್ತಿದ್ದರು. ಅಂದು ಅವರು ಕೇಳುತ್ತಿದ್ದದ್ದು ಬಸಿರು, ಬಾಣಂತನ, ಮಕ್ಕಳ ಪಾಲನೆಗೆ ನಗರ ಏನು ಸಹಾಯ ಮಾಡುತ್ತಿದೆ ಅಂತ. ಮಕ್ಕಳಾಗದೆ ಚಿಕಿತ್ಸೆಗೆ ಅಲೆಯುವ ಹೆಂಗಸರ ಕಷ್ಟವನ್ನೂ ಎತ್ತಿದ್ದರು.

ಅಷ್ಟರಲ್ಲಿ ಗಂಡಸರು ಕೂತಿದ್ದ ಬೆಂಚುಗಳ ಕಡೆಯಿಂದ ಒಂದು ದನಿ ಬಂತು. ‘ಮೊದಲು ನೀನು ಬೇಗ ಮದುವೆ ಮಾಡ್ಕೊ’ ಅನ್ನುವ ಅರ್ಥದ ಮಾತು. ‘ಹೆರೋಕೆ ಆಗಲ್ವಾ?’ ಅನ್ನುವ ಮಾತೂ ಬಂತು ಅಂತ ಅವರೂ ಅವರ ಪಕ್ಷದವರೂ ಹೇಳಿದರು. ಸುತ್ತ ನಗು. ಆಗ ಗವರ್ನರ್ ಆಗಿದ್ದ ಮಸುಜೊಎ ಯೊಯಿಚಿ ಅವರ ಮುಖದ ಮೇಲಿನ ನಗುವೂ ಕ್ಯಾಮೆರಾಕ್ಕೆ ಸಿಕ್ಕಿತು. ಶಿಯೊಮುರಾ ಮೊದಲು ಸುಮ್ಮನೆ ನಕ್ಕರು. ಆಮೇಲೆ ಗಂಟಲು ಕಟ್ಟಿತು. ಆದರೂ ಹಾಳೆ ನೋಡಿ ಪ್ರಶ್ನೆ ಓದಿ ಮುಗಿಸಿದರು. ಜಾಗಕ್ಕೆ ಹೋಗಿ ಕೂತು ಕರವಸ್ತ್ರ ತೆಗೆದರು.

ನಾನು ಇದನ್ನು ನೋಡಿದ್ದು ಟಿವಿ ಸುದ್ದಿಯಲ್ಲಿ. ಆಗ ನನಗೆ ಬರುತ್ತಿದ್ದ ಜಪಾನೀ ತರಕಾರಿ ಕೊಳ್ಳುವಷ್ಟು ಮಾತ್ರ. ಆ ಹೆಂಗಸು ಯಾಕೆ ಅಳುತ್ತಿದ್ದಾಳೆ ಅಂತ ಗೊತ್ತಾಗಲಿಲ್ಲ. ಮರುದಿನ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಅವರು ಸಣ್ಣ ಸಣ್ಣ ಪದಗಳಲ್ಲಿ, ಕೈಸನ್ನೆ ಮಾಡಿ, ನಿಧಾನವಾಗಿ ಹೇಳಿದರು. ಮದುವೆ. ಮಗು. ಬೇಗ. ಅರ್ಥವಾಗಿಬಿಟ್ಟಿತು.

ಅರ್ಥವಾಗದೆ ಇರುತ್ತದೆಯೇ? ಆ ವರ್ಷ ನಾನೇ ಒಂದು ಕ್ಲಿನಿಕ್ಕಿಗೆ ಅಲೆಯುತ್ತಿದ್ದೆ. ಮದುವೆಯಾಗಿ ಐದು ವರ್ಷ. ಭಾನುವಾರ ಸಂಜೆ ದಾವಣಗೆರೆಯಿಂದ ಅತ್ತೆಯ ಫೋನ್. ಊಟ, ಹವಾ, ಭೂಕಂಪ ಎಲ್ಲ ಆದ ಮೇಲೆ ಕೊನೆಗೆ ಒಂದು ಪ್ರಶ್ನೆ: ‘ಏನಮ್ಮಾ, ವಿಶೇಷ ಏನಾದ್ರೂ?’ ಕನ್ನಡದಲ್ಲಿ ‘ವಿಶೇಷ’ ಅಂದರೆ ಬಸಿರು. ಎಷ್ಟು ಮೆದುವಾದ ಪದ ನೋಡಿ. ಆದರೆ ತಿಂಗಳಿಗೆ ನಾಲ್ಕು ಸಲ ಕೇಳಿದರೆ ಅದೂ ಚುಚ್ಚುತ್ತದೆ. ಅತ್ತೆ ಕೆಟ್ಟವರಲ್ಲ. ಅವರಿಗೆ ನನ್ನ ಮೇಲೆ ಅಧಿಕಾರವೂ ಇರಲಿಲ್ಲ, ಇದ್ದದ್ದು ಫೋನ್ ಮಾತ್ರ. ನಿಮ್ಮ ಸಭೆಯ ಆ ದನಿಗೆ ಸುಮಾರು 1.3 ಕೋಟಿ ಜನರ ಊರಿನ ಬಜೆಟ್ ಮೇಲೆ ಅಧಿಕಾರ ಇತ್ತು.

ಮುಂದೆ ನಡೆದದ್ದು ನಿಮಗೇ ಚೆನ್ನಾಗಿ ಗೊತ್ತು. ಆದರೂ ಸಾಲಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ದೂರು ಇರುವುದು ಆ ಮಾತಿನ ಮೇಲಿಗಿಂತ ಅದಾದ ಮೇಲಿನ ಒಂದು ವಾರದ ಮೇಲೆ.

ಶಿಯೊಮುರಾ ಸಭಾಧ್ಯಕ್ಷರಿಗೆ ದೂರು ಕೊಟ್ಟರು. ಮಾತಾಡಿದವರನ್ನು ಗುರುತಿಸಿ ಕ್ರಮ ತೆಗೆದುಕೊಳ್ಳಿ ಅಂತ ಕೇಳಿದರು. ಜಪಾನಿನ ಸ್ಥಳೀಯ ಸ್ವಾಯತ್ತ ಕಾನೂನಿನ 133ನೇ ವಿಧಿ ಸಭೆಯಲ್ಲಿ ಅವಮಾನಕ್ಕೆ ಒಳಗಾದ ಸದಸ್ಯರಿಗೆ ಈ ಹಕ್ಕು ಕೊಟ್ಟಿದೆ. ದೂರನ್ನು ಸ್ವೀಕರಿಸಲಿಲ್ಲ. ಕಾರಣ? ಮಾತಾಡಿದವರು ಯಾರು ಅಂತ ದೂರಿನಲ್ಲಿ ಇಲ್ಲ. ಯಾರು ಅಂತ ಹುಡುಕಿಕೊಡಿ ಅಂತಲೇ ಅಲ್ಲವೇ ಅವರು ಕೇಳಿದ್ದು? ಕಳ್ಳತನದ ದೂರು ಕೊಡಲು ಹೋದವಳಿಗೆ ಮೊದಲು ಕಳ್ಳನ ಹೆಸರು ಬರೆದು ತಾ ಅಂದ ಹಾಗಾಯಿತು.

ಹೊರಗೆ ಮಾತ್ರ ಗದ್ದಲ ಜಾಸ್ತಿಯಾಯಿತು. ಆನ್‌ಲೈನ್ ಮನವಿಗೆ ಸುಮಾರು 90,000 ಸಹಿ ಬಿದ್ದವು. ಲಿಬರಲ್ ಡೆಮಾಕ್ರಟಿಕ್ ಪಕ್ಷದ ಸುಜುಕಿ ಅಕಿಹಿರೊ ಅವರನ್ನು ಪತ್ರಕರ್ತರು ಕೇಳಿದಾಗ ಮೊದಲು ನಾನಲ್ಲ ಅಂದರು. ಜೂನ್ 23ರಂದು, ಐದು ದಿನ ಕಳೆದ ಮೇಲೆ, ಮದುವೆಯ ಮಾತು ನನ್ನದೇ ಅಂತ ಒಪ್ಪಿದರು. ಕ್ಯಾಮೆರಾಗಳ ಮುಂದೆ ಶಿಯೊಮುರಾಗೆ ಸೊಂಟ ಬಗ್ಗಿಸಿ ಕ್ಷಮೆ ಕೇಳಿದರು. ತಮ್ಮ ಪಕ್ಷದ ಗುಂಪನ್ನು ಬಿಟ್ಟರು. ಸದಸ್ಯತ್ವ ಬಿಡಲಿಲ್ಲ. ಜೂನ್ 25ರಂದು ನಿಮ್ಮ ಸಭೆ ಜನರ ನಂಬಿಕೆ ಮರಳಿ ಗಳಿಸುತ್ತೇವೆ, ಇಂಥದ್ದು ಮತ್ತೆ ಆಗದಂತೆ ನೋಡಿಕೊಳ್ಳುತ್ತೇವೆ ಅಂತ ನಿರ್ಣಯ ಮಾಡಿತು. ಉಳಿದ ದನಿಗಳನ್ನು ಹುಡುಕುವ ಕೆಲಸ ಅಲ್ಲಿಗೆ ನಿಂತಿತು. ಒಬ್ಬರು ಒಪ್ಪಿಕೊಂಡರು, ಅವರ ಬೆನ್ನ ಹಿಂದೆ ಉಳಿದವರು ಆರಾಮಾಗಿ ಕೂತರು.

ಅದೇ ಸೆಪ್ಟೆಂಬರ್‌ನಲ್ಲಿ ಇನ್ನೊಂದು. ಗಂಡು ಹೆಣ್ಣು ಸಮಾನತೆಗಾಗಿ ನಿಮ್ಮ ಸದಸ್ಯರೇ ಕಟ್ಟಿಕೊಂಡ ಒಕ್ಕೂಟದ ಮುಖ್ಯಸ್ಥರು, ಮದುವೆ ಮಾಡ್ಕೊ ಅಂತ ಸಭೆಯ ಹೊರಗೆ ಆದರೆ ನಾನೂ ಹೇಳುತ್ತೇನೆ ಅನ್ನುವ ಮಾತನ್ನು ಪತ್ರಕರ್ತರ ಮುಂದೆಯೇ ಆಡಿದರು. ನಿರ್ಣಯದ ಶಾಯಿ ಒಣಗಿತ್ತೋ ಇಲ್ಲವೋ.

ಸಭೆಯಲ್ಲಿ ಹೀಗೆ ಕೂತಲ್ಲಿಂದ ಕೂಗುವುದಕ್ಕೆ ನೀವು ಯಾಜಿ ಅನ್ನುತ್ತೀರಿ. ಯಾಜಿ ಅಂದರೆ ಸಭೆಯ ಹೂವು ಅಂತ ಹಳೆಯ ಮಾತೂ ಇದೆ. ಸದನದಲ್ಲಿ ಕೂಗಾಟ ನಮಗೇನೂ ಹೊಸದಲ್ಲ, ಬೆಂಗಳೂರಿನ ವಿಧಾನಸೌಧವನ್ನು ಟಿವಿಯಲ್ಲಿ ನೋಡಿ ಬೆಳೆದವಳು ನಾನು. ಮಂತ್ರಿ ಲೆಕ್ಕ ತಪ್ಪಿದಾಗ, ಉತ್ತರ ನುಣುಚಿದಾಗ ಕೂಗಲಿ ಬಿಡಿ. ಅದು ಕೆಲಸದ ಭಾಗ. ಪ್ರಶ್ನೆ ಕೇಳುವವಳ ಗರ್ಭಕೋಶದ ಬಗ್ಗೆ ಕೂಗುವುದು ಯಾವ ಹೂವು?

ಇನ್ನು ಶಿಯೊಮುರಾ ಅವರ ವಿಷಯ. ಆ ಒಂದು ವಾರ ಪ್ರಪಂಚವೆಲ್ಲ ಅವರ ಕಣ್ಣೀರು ನೋಡಿತು. ಆಮೇಲೆ ಅವರು ಏನು ಮಾಡಿದರು ಅಂತ ನೋಡಿದವರು ಕಡಿಮೆ. ನಾನು ನೋಡಿದ್ದೇನೆ. ಭಾಷೆ ಕಲಿಯಲು ದಿನಾ ಪತ್ರಿಕೆ ಓದುತ್ತಿದ್ದೆ, ಅವರ ಹೆಸರಿನ ಅಕ್ಷರಗಳು ನನಗೆ ಮೊದಲು ಗುರುತು ಸಿಕ್ಕವುಗಳಲ್ಲಿ ಸೇರಿದ್ದವು.

ಸುಲಭದ ದಾರಿ ಅಲ್ಲ ಅದು. ಟಿವಿಯಲ್ಲಿ ಹಿಂದೆ ಯಾವಾಗಲೋ ತಮಾಷೆಗೆ ಆಡಿದ ಮಾತುಗಳನ್ನು ಕೆದಕಿ, ಇವಳೇನು ಮಹಾ ಅಂತ ಬರೆದರು. ಅವರು ಗೆದ್ದುಬಂದಿದ್ದ ‘ಮಿನ್ನಾ ನೊ ತೋ’ ಪಕ್ಷ 2014ರ ನವೆಂಬರ್‌ನಲ್ಲಿ ಮುಚ್ಚಿಹೋಯಿತು. 2017ರಲ್ಲಿ ‘ಕಿಬೊ ನೊ ತೋ’ ಅನ್ನುವ ಹೊಸ ಪಕ್ಷದಿಂದ ಸಂಸತ್ತಿನ ಕೆಳಮನೆಗೆ ನಿಂತರು, ತಮ್ಮ ಊರಿನ ಪ್ರಾಂತ್ಯದ ಹಿರೋಶಿಮಾ 3ನೇ ಕ್ಷೇತ್ರದಲ್ಲಿ. ಸೋತರು. ಅಲ್ಲಿ ಗೆದ್ದ ಕವಾಯ್ ಕತ್ಸುಯುಕಿ ಮುಂದೆ ಕಾನೂನು ಮಂತ್ರಿಯಾದರು. 2021ರಲ್ಲಿ ಅವರಿಗೆ, 2019ರ ಹೆಂಡತಿಯ ಚುನಾವಣೆಗಾಗಿ ಅದೇ ಪ್ರಾಂತ್ಯದ ಸ್ಥಳೀಯ ಸಭೆಗಳ ಸದಸ್ಯರಿಗೆ, ಇನ್ನೂ ಹಲವರಿಗೆ ದುಡ್ಡು ಹಂಚಿದ ಪ್ರಕರಣದಲ್ಲಿ 3 ವರ್ಷ ಜೈಲು ಶಿಕ್ಷೆ ಆಯಿತು. ಇದನ್ನು ಇಲ್ಲಿ ಹೇಳಬೇಕಾಗಿರಲಿಲ್ಲ, ಆದರೂ ಬಾಯಿಗೆ ಬಂತು.

2019ರ ಜುಲೈನಲ್ಲಿ ಶಿಯೊಮುರಾ ಕಾನ್‌ಸ್ಟಿಟ್ಯೂಷನಲ್ ಡೆಮಾಕ್ರಟಿಕ್ ಪಕ್ಷದಿಂದ ಮೇಲ್ಮನೆಗೆ ನಿಂತರು, ಈ ಸಲ ಟೋಕಿಯೊದಿಂದ. ನಮ್ಮ ರಾಜ್ಯಸಭೆಯಂತೆ ಅದೂ ಮೇಲ್ಮನೆ, ಆದರೆ ಇಲ್ಲಿ ಜನರೇ ನೇರವಾಗಿ ಓಟು ಹಾಕುತ್ತಾರೆ. ಆರು ಸ್ಥಾನಗಳಲ್ಲಿ ನಾಲ್ಕನೆಯವರಾಗಿ ಗೆದ್ದರು, 6.88 ಲಕ್ಷ ಮತ. 2025ರಲ್ಲಿ ಮತ್ತೆ ನಿಂತರು. ಆ ಸಲ ಏಳು ಸ್ಥಾನ ಇದ್ದವು, ಇವರದು ಏಳನೆಯದು. ಕೂದಲೆಳೆಯಲ್ಲಿ ಉಳಿದರು ಅನ್ನಿ. ಇಷ್ಟು ಪಕ್ಷ ಬದಲಾಯಿಸಿದ್ದಾರಲ್ಲ ಅಂತ ಯಾರಾದರೂ ಮೂಗು ಮುರಿಯಬಹುದು. ಕರ್ನಾಟಕದವಳಾದ ನಾನು ಆ ವಿಷಯದಲ್ಲಿ ಬಾಯಿ ಬಿಡದಿರುವುದೇ ವಾಸಿ.

ಅಲ್ಲಿ ಅವರು ಹಿಡಿದ ಕೆಲಸಗಳನ್ನು ನೋಡಿ. 2022ರ ಏಪ್ರಿಲ್‌ನಲ್ಲಿ ಜಪಾನ್ ವಯಸ್ಕರಾಗುವ ವಯಸ್ಸನ್ನು 20ರಿಂದ 18ಕ್ಕೆ ಇಳಿಸಿತು. ಒಳ್ಳೆಯದೇ. ಆದರೆ ಅದರಲ್ಲಿ ಒಂದು ತೂತಿತ್ತು. 18, 19ರ ಮಕ್ಕಳು ಹೆತ್ತವರಿಗೆ ತಿಳಿಯದೆ ಸಹಿ ಹಾಕಿದ ಕರಾರನ್ನು ಅಲ್ಲಿಯವರೆಗೆ ರದ್ದು ಮಾಡಬಹುದಿತ್ತು, ಇನ್ನು ಮುಂದೆ ಆಗುತ್ತಿರಲಿಲ್ಲ. ನೀಲಿಚಿತ್ರದವರು ಆ ವಯಸ್ಸಿನ ಹುಡುಗಿಯರನ್ನು ಹಿಡಿಯಲು ಇದು ಸಾಕಾಗಿತ್ತು. ಇದನ್ನು ಸಂಸತ್ತಿನಲ್ಲಿ ಎತ್ತಿದವರಲ್ಲಿ ಶಿಯೊಮುರಾ ಒಬ್ಬರು. ಜೂನ್‌ನಲ್ಲಿ ಕಾನೂನು ಬಂತು. ಕರಾರಿಗೂ ಚಿತ್ರೀಕರಣಕ್ಕೂ ನಡುವೆ ಒಂದು ತಿಂಗಳು, ಚಿತ್ರೀಕರಣಕ್ಕೂ ಬಿಡುಗಡೆಗೂ ನಡುವೆ ನಾಲ್ಕು ತಿಂಗಳು ಇರಲೇಬೇಕು. ಬಿಡುಗಡೆ ಆದ ಮೇಲೂ ಒಂದು ವರ್ಷದವರೆಗೆ ಕಾರಣ ಕೊಡದೆ ಕರಾರು ಮುರಿಯಬಹುದು. ಆ ಉದ್ಯಮದಲ್ಲಿ ಇಷ್ಟಪಟ್ಟು ಕೆಲಸ ಮಾಡುವ ಕೆಲವರು ನಮ್ಮ ಹೊಟ್ಟೆಗೆ ಹೊಡೆದರು ಅಂತ ಗಟ್ಟಿಯಾಗಿಯೇ ದೂರಿದರು. ಅವರ ಮಾತನ್ನೂ ತೆಗೆದುಹಾಕುವ ಹಾಗಿಲ್ಲ. ನನಗಂತೂ ಮಗಳಿರುವವಳಾಗಿ ಆ ಒಂದು ತಿಂಗಳ ಬೆಲೆ ಗೊತ್ತು.

ಇನ್ನೊಂದು ಹೋಸ್ಟ್ ಕ್ಲಬ್ ವಿಷಯ. ಕನ್ನಡದ ಓದುಗರಿಗೆ ಒಂದು ಮಾತು: ಇಲ್ಲಿ ಚಂದದ ಹುಡುಗರು ಹೆಣ್ಣು ಗಿರಾಕಿಗಳ ಪಕ್ಕ ಕೂತು ಪ್ರೀತಿಯ ಮಾತಾಡಿ ಕುಡಿಸುವ ಅಂಗಡಿಗಳಿವೆ. ದುಡ್ಡಿಲ್ಲದವಳಿಗೂ ಉದ್ರಿ ಬರೆದುಕೊಂಡು ಕುಡಿಸುತ್ತಾರೆ. ಉದ್ರಿ ಲಕ್ಷಗಟ್ಟಲೆ ಯೆನ್ ಆದ ಮೇಲೆ ತೀರಿಸಲು ದೇಹ ಮಾರುವ ದಾರಿ ತೋರಿಸುತ್ತಾರೆ. ಶಿಯೊಮುರಾ ಇದನ್ನು 2023ರಿಂದ ಬಿಡದೆ ಹಿಡಿದರು. 2025ರ ಮೇ ತಿಂಗಳಲ್ಲಿ ಸಂಸತ್ತು ಕಾನೂನು ತಿದ್ದಿತು. ಪ್ರೀತಿಯ ಭ್ರಮೆ ಹುಟ್ಟಿಸಿ ಖರ್ಚು ಮಾಡಿಸುವುದು, ಸಾಲ ತೀರಿಸಲು ಆ ದಂಧೆಗೆ ತಳ್ಳುವುದು ಈಗ ನಿಷಿದ್ಧ.

ಅಧ್ಯಕ್ಷರೇ, ಒಂದು ಸಲ ನಿಮ್ಮ ಕಟ್ಟಡದಿಂದ ಹೊರಟು ನಡೆದು ನೋಡಿ. ಶಿಂಜುಕು ಸ್ಟೇಷನ್‌ನ ಪಶ್ಚಿಮಕ್ಕೆ ನಿಮ್ಮ ಸಭೆ. ಪೂರ್ವಕ್ಕೆ ಕಬುಕಿಚೊ, ಆ ಅಂಗಡಿಗಳ ಬೀದಿ. ನಾನು ಮಗಳ ಕೈ ಹಿಡಿದು ನಡೆದದ್ದು ಅರ್ಧ ಗಂಟೆಯೂ ಆಗಲಿಲ್ಲ. ಅಷ್ಟು ಹತ್ತಿರದ ಬೀದಿಯ ಗೋಳನ್ನು ಸಂಸತ್ತಿನಲ್ಲಿ ಎತ್ತಿದವರಲ್ಲಿ, ನೀವು ಬೇಗ ಮದುವೆಯಾಗು ಅಂದು ಕೂರಿಸಲು ನೋಡಿದ ಹೆಂಗಸೂ ಇದ್ದರು.

ಅಂದು ಅವರು ಕೇಳಿದ ಪ್ರಶ್ನೆ ಏನಾಯಿತು? 2022ರ ಏಪ್ರಿಲ್‌ನಿಂದ ಪ್ರನಾಳ ಶಿಶು ಚಿಕಿತ್ಸೆಯೂ ಸೇರಿ ಬಂಜೆತನದ ಚಿಕಿತ್ಸೆಗೆ ದೇಶದ ಆರೋಗ್ಯ ವಿಮೆ ಸಿಗುತ್ತಿದೆ. ಇದು ಅವರೊಬ್ಬರಿಂದ ಆಯಿತು ಅಂತ ನಾನು ಹೇಳುವುದಿಲ್ಲ, ಸುಗಾ ಪ್ರಧಾನಿ ಆಗಿದ್ದಾಗ ಕೊಟ್ಟ ಮಾತು ಅದು. ನಿಮ್ಮ ನಗರವೇ 2023ರಿಂದ ಅಂಡಾಣು ಶೇಖರಿಸಿಡುವ ಹೆಂಗಸರಿಗೆ 3 ಲಕ್ಷ ಯೆನ್‌ವರೆಗೆ ಸಹಾಯ ಕೊಡುತ್ತಿದೆ. 18 ವರ್ಷದವರೆಗಿನ ಪ್ರತಿ ಮಗುವಿಗೆ ತಿಂಗಳಿಗೆ 5,000 ಯೆನ್ ಕೊಡುತ್ತಿದೆ. ನನ್ನ ಮಗಳಿಗೂ ಬರುತ್ತದೆ, ಅದಕ್ಕೆ ಮನಸಾರೆ ವಂದನೆ. ಟೋಕಿಯೊದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳ ಸಂಖ್ಯೆ 2023ರಲ್ಲಿ 0.99ಕ್ಕೆ ಇಳಿದಾಗ ಎಲ್ಲರೂ ತಲೆ ಮೇಲೆ ಕೈ ಹೊತ್ತರು. ಒಂಬತ್ತು ವರ್ಷ ಮೊದಲೇ ಒಬ್ಬರು ಎದ್ದು ನಿಂತು ಇದನ್ನೇ ಕೇಳಿದ್ದರು. ನಕ್ಕಿದ್ದಿರಿ.

ಇದು ಟೋಕಿಯೊ ಒಂದರ ಕಥೆಯಲ್ಲ ಅಂತ ಗೊತ್ತು. ಕುಮಾಮೊತೊ ನಗರಸಭೆಯಲ್ಲಿ 2017ರಲ್ಲಿ ಒಗಾತಾ ಯೂಕಾ ಏಳು ತಿಂಗಳ ಮಗುವನ್ನು ಎತ್ತಿಕೊಂಡು ಬಂದರು ಅಂತ ಸಭೆ 40 ನಿಮಿಷ ತಡವಾಯಿತು. ಮರುವರ್ಷ ಅವರೇ ಕೆಮ್ಮಿನ ಮಿಠಾಯಿ ಬಾಯಲ್ಲಿಟ್ಟುಕೊಂಡು ಮಾತಾಡಿದರು ಅಂತ ಎಂಟು ಗಂಟೆ ಸಭೆ ನಿಲ್ಲಿಸಿ, ಅವರನ್ನು ಹೊರಗೆ ಕಳಿಸಿದರು. ಮಗುವಿಗೆ 40 ನಿಮಿಷ, ಮಿಠಾಯಿಗೆ ಎಂಟು ಗಂಟೆ. ಹೆಣ್ಣಿನ ಮೇಲೆ ಕೂಗಿದವನನ್ನು ಹುಡುಕಲು ಮಾತ್ರ ಸಮಯ ಇರಲಿಲ್ಲ.

ಬದಲಾವಣೆ ಆಗಿಲ್ಲ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. 2013ರಲ್ಲಿ ನಿಮ್ಮ ಸಭೆಗೆ ಗೆದ್ದ ಹೆಂಗಸರು 25, 2025ರಲ್ಲಿ 45. ನೂರು ವರ್ಷ ಹಿಂದಕ್ಕೆ ಹೋದರೆ, 1922ರವರೆಗೆ ಈ ದೇಶದ ಹೆಂಗಸರು ರಾಜಕೀಯ ಭಾಷಣ ಕೇಳಲು ಹೋಗಿ ಕೂರುವುದೂ ಅಪರಾಧವಾಗಿತ್ತು. ಅದನ್ನು ಹೋರಾಡಿ ತೆಗೆಸಿದವರಲ್ಲಿ ಒಬ್ಬರಾದ ಇಚಿಕಾವಾ ಫುಸಾಎ 1953ರಲ್ಲಿ ಟೋಕಿಯೊದಿಂದಲೇ ಮೇಲ್ಮನೆಗೆ ಗೆದ್ದರು. ಅವರು ಮದುವೆಯಾಗಿರಲಿಲ್ಲ. 1980ರಲ್ಲಿ, 87ನೇ ವಯಸ್ಸಿನಲ್ಲಿ, ಇಡೀ ದೇಶಕ್ಕೆ ಒಂದೇ ಆಗಿದ್ದ ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಓಟು ಪಡೆದು ಗೆದ್ದರು. ಬೇಗ ಮದುವೆ ಮಾಡ್ಕೊ ಅಂತ ಅವರಿಗೂ ಯಾರೋ ಹೇಳಿಯೇ ಇರುತ್ತಾರೆ ಬಿಡಿ.

ಈಗ ನನ್ನ ಕೋರಿಕೆ. 2014ರಲ್ಲಿ ಕೂಗಿದ ಗಂಡಸರನ್ನು ಹಿಡಿದು ತಂದು ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಅವರಲ್ಲಿ ಎಷ್ಟೋ ಮಂದಿ ಈಗ ಸಭೆಯಲ್ಲೂ ಇರಲಿಕ್ಕಿಲ್ಲ. ಕೇಳುತ್ತಿರುವುದು ನಿಯಮದ ಒಂದು ಸಾಲು. ಸಭೆಯಲ್ಲಿ ಯಾರಾದರೂ ಸದಸ್ಯರನ್ನು ಅವಮಾನಿಸಿದರೆ, ಆ ದನಿ ಯಾರದು ಅಂತ ಕಂಡುಹಿಡಿಯುವುದು ಸಭಾಧ್ಯಕ್ಷರ ಕೆಲಸ, ಅವಮಾನಕ್ಕೆ ಒಳಗಾದವರದಲ್ಲ. ಹೆಸರಿಲ್ಲ ಅನ್ನುವ ಕಾರಣಕ್ಕೆ ದೂರನ್ನು ವಾಪಸ್ ಕಳಿಸಬಾರದು. ವಿಚಾರಣೆ ಹೊರಗಿನವರ ಕೈಯಲ್ಲಿರಲಿ, ಒಂದೇ ಪಕ್ಷದ ಬೆಂಚಿನವರು ತಮ್ಮ ಬೆಂಚಿನವರನ್ನು ಹುಡುಕುವುದು ಆಗದ ಮಾತು. ಫುಕುಒಕಾ ಪ್ರಾಂತ್ಯ ಇದಕ್ಕಾಗಿಯೇ 2022ರಲ್ಲಿ ಒಂದು ಸ್ಥಳೀಯ ಕಾನೂನು ಮಾಡಿಕೊಂಡಿದೆ. ಅದನ್ನು ಮುಂದಿಟ್ಟುಕೊಂಡು ನಿಮ್ಮ ನಿಯಮಗಳನ್ನು ಒಂದೊಂದಾಗಿ ಓದಿನೋಡಿ ಅಂತ ಬೇಡಿಕೊಳ್ಳುತ್ತೇನೆ. ಯಾಜಿಯ ಮಾತುಗಳು ನಡಾವಳಿಯಲ್ಲಿ ಇದ್ದ ಹಾಗೇ, ಆಡಿದವರ ಹೆಸರಿನ ಜೊತೆ, ದಾಖಲಾಗಲಿ. ಹೂವೇ ಆಗಿದ್ದರೆ ಯಾವ ಗಿಡದ್ದು ಅಂತ ಬರೆಯಲು ನಾಚಿಕೆ ಯಾಕೆ?

ನೀವೇ ಪಾಸು ಮಾಡಿದ ಇನ್ನೊಂದು ಕಾನೂನನ್ನೂ ನೆನಪಿಸುತ್ತೇನೆ. 2025ರ ಏಪ್ರಿಲ್‌ನಿಂದ ಟೋಕಿಯೊದಲ್ಲಿ ಗಿರಾಕಿಗಳು ಅಂಗಡಿಯವರ ಮೇಲೆ ಕೂಗಾಡಿ ಕಿರುಕುಳ ಕೊಡುವ ಹಾಗಿಲ್ಲ. ದೇಶದಲ್ಲೇ ಮೊದಲನೆಯದು ಅಂತ ಹೆಮ್ಮೆಪಟ್ಟಿರಿ. ನಾನು ಸಾಮಾನು ಕೊಳ್ಳುವ ಸೂಪರ್‌ಮಾರ್ಕೆಟ್ಟಿನ ಕೌಂಟರ್ ಮೇಲೆ ಅದರ ಪೋಸ್ಟರ್ ಅಂಟಿಸಿದ್ದಾರೆ. ಬಿಲ್ ಮಾಡುವ ಹುಡುಗಿಗೆ ಸಿಕ್ಕ ರಕ್ಷಣೆ ಪ್ರಶ್ನೆ ಕೇಳುವ ಸದಸ್ಯೆಗೂ ಅಷ್ಟೇ ಗಟ್ಟಿಯಾಗಿ ಸಿಗಬೇಡವೇ?

ಕಳೆದ ವರ್ಷ ಒಂದು ದಿನ ನಿಮ್ಮ ಸಭೆಯ ಗ್ಯಾಲರಿಯಲ್ಲಿ ಕೂತಿದ್ದೆ. ಸಾಮಾನ್ಯ ಜನರೂ ಬಂದು ಕೂರಬಹುದು. ನೋಡಲು ಬಂದವರು ಮಾತಾಡಬಾರದು, ಚಪ್ಪಾಳೆ ಹೊಡೆಯಬಾರದು, ಒಪ್ಪಿಗೆಯನ್ನೋ ವಿರೋಧವನ್ನೋ ತೋರಿಸಬಾರದು ಅನ್ನುವುದು ನಿಯಮ. ಪಾಲಿಸಿದೆ. ಮುಂದಿನ ಜೂನ್ ಅಧಿವೇಶನಕ್ಕೂ ಬರುತ್ತೇನೆ. ಮಗಳಿಗೂ ಈಗ ಒಂಬತ್ತು ವರ್ಷ, ಅವಳೂ ಜೊತೆಗೆ ಬರುತ್ತೇನೆ ಅಂದಿದ್ದಾಳೆ. ಇಬ್ಬರೂ ನಿಮ್ಮ ನಿಯಮದಂತೆ ಬಾಯಿ ಮುಚ್ಚಿಕೊಂಡು ಕೂತಿರುತ್ತೇವೆ. ಅವಳ ಜಪಾನೀ ನನ್ನದಕ್ಕಿಂತ ಚೆನ್ನಾಗಿದೆ. ಕೆಳಗೆ ಯಾರು ಏನು ಕೂಗಿದರೂ ಅವಳಿಗೆ ತಕ್ಷಣ ಅರ್ಥವಾಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಎದೊಗಾವಾದ ಒಬ್ಬ ಕನ್ನಡತಿ